ಮೂರನೆಯ ಗ್ಯಾಸ್ಕೆಟ್ ಹಾಕುವ ಮುನ್ನ

ದೊಡ್ಡಪ್ಪನ ಟ್ರ್ಯಾಕ್ಟರ್ ಒಂದೇ ವರ್ಷದಲ್ಲಿ ಎರಡು ಹೆಡ್ ಗ್ಯಾಸ್ಕೆಟ್ ತಿಂದಿತ್ತು. ಎಂಜಿನ್ನಿನ ಬ್ಲಾಕಿಗೂ, ಅದರ ಮೇಲೆ ಮುಚ್ಚಳದಂತೆ ಕೂರುವ ಹೆಡ್ಡಿಗೂ ನಡುವೆ ಸೋರದಂತೆ ಹಾಕುವ ತೆಳ್ಳನೆಯ ಹಾಳೆ ಅದು. ಮೂರನೆಯದನ್ನು ಅವರು ಆಗಲೇ ಹರಿಹರದಿಂದ ತಂದು, ಹೊದಿಕೆ ಬಿಚ್ಚದೆ ಅಟ್ಟದ ಮೇಲೆ ಇಟ್ಟಿದ್ದರು. "ಈ ಸಲ ಪೇಟೆಗೆ ಒಯ್ಯುವುದಿಲ್ಲ ತಮ್ಮಾ, ನೀನೇ ಹಾಕಿಕೊಡು" ಎಂದರು. ಹಾಕುತ್ತೇನೆ, ಆದರೆ ಅಳೆಯದೆ ಹಾಕುವುದಿಲ್ಲ ಎಂದೆ. ಬೇಸಿಗೆ ಭತ್ತಕ್ಕೆ ಭದ್ರಾ ನಾಲೆಯಲ್ಲಿ ನೀರು ಬಿಡಲು ಇನ್ನೂ ಮೂರು ವಾರಗಳಿದ್ದವು. ನೀರು ಬಂದರೆ ಮಲೇಬೆನ್ನೂರಿನ ಸುತ್ತಮುತ್ತ ಒಂದು ಟ್ರ್ಯಾಕ್ಟರ್ ಕೂಡ ಖಾಲಿ ನಿಲ್ಲುವುದಿಲ್ಲ. ಕೇಜ್ ವ್ಹೀಲ್ (ಪಂಜರದಂಥ ಕಬ್ಬಿಣದ ಚಕ್ರ) ಹಾಕಿ ಕೆಸರು ಗದ್ದೆಗೆ ಇಳಿದರೆ ಎಂಜಿನ್‌ಗೆ ಬೆಳಗಿನಿಂದ ಸಂಜೆಯವರೆಗೆ ಬಿಡುವಿಲ್ಲ. ಅದರೊಳಗೆ ಕೆಲಸ ಮುಗಿಯಬೇಕಿತ್ತು.

ನಾಲ್ಕು ಸಿಲಿಂಡರಿನ ಹಳೆಯ ಡೀಸೆಲ್ ಎಂಜಿನ್. ಹೆಡ್, ಬ್ಲಾಕ್ ಎರಡೂ ಬೀಡು ಕಬ್ಬಿಣ. ನಾಲ್ಕೂ ಸಿಲಿಂಡರ್‌ಗೆ ಸೇರಿ ಒಂದೇ ಹೆಡ್. ಒಳಗೆ ವೆಟ್ ಲೈನರ್, ಅಂದರೆ ಪಿಸ್ಟನ್ ಓಡಾಡುವ ಕೊಳವೆಯ ಹೊರಮೈಗೆ ನೇರವಾಗಿ ನೀರು ತಾಗುತ್ತಿರುತ್ತದೆ. ಈ ಕೊನೆಯ ಸಂಗತಿಯೇ ಮುಂದೆ ಎಲ್ಲಕ್ಕಿಂತ ದೊಡ್ಡದಾಯಿತು.

ರೇಡಿಯೇಟರ್ ದಿನಕ್ಕೆ ಸುಮಾರು ಒಂದು ಲೀಟರ್ ನೀರು ಕೇಳುತ್ತಿತ್ತು, ನೆಲದ ಮೇಲೆ ಒಂದು ಹನಿಯೂ ಇರುತ್ತಿರಲಿಲ್ಲ. ಬೆಳಿಗ್ಗೆ ತಣ್ಣಗಿದ್ದಾಗ ಚಾಲೂ ಮಾಡಿದರೆ ಎರಡು ನಿಮಿಷದೊಳಗೆ ಮೇಲಿನ ಹೋಸ್ ಪೈಪ್ ಕಲ್ಲಿನಂತೆ ಗಟ್ಟಿಯಾಗುತ್ತಿತ್ತು. ಎರಡು ನಿಮಿಷದಲ್ಲಿ ನೀರು ಕುದಿಯುವುದಿಲ್ಲ. ಆ ಒತ್ತಡ ಹಬೆಯದಲ್ಲ, ಸಿಲಿಂಡರಿನಿಂದ ತಪ್ಪಿಸಿಕೊಂಡ ಅನಿಲದ್ದು. ಮರುದಿನ ಎಂಜಿನ್ ಪೂರ್ತಿ ತಣ್ಣಗಿರುವಾಗಲೇ ರೇಡಿಯೇಟರ್ ಮುಚ್ಚಳ ತೆಗೆದಿಟ್ಟು ಚಾಲೂ ಮಾಡಿದೆ. ಗುಳ್ಳೆಗಳು ಸಾಲುಗಟ್ಟಿ ಎದ್ದವು. ಇಂಜೆಕ್ಟರ್ ಪೈಪ್‌ಗಳ ನಟ್ಟನ್ನು ಒಂದೊಂದಾಗಿ ಸಡಿಲಿಸಿ, ಆಯಾ ಸಿಲಿಂಡರಿಗೆ ಡೀಸೆಲ್ ಹೋಗದಂತೆ ಮಾಡಿ ನೋಡಿದೆ. ಒಂದು, ಎರಡು, ನಾಲ್ಕನೆಯದರಲ್ಲಿ ಗುಳ್ಳೆಗಳ ಓಟ ಬದಲಾಗಲಿಲ್ಲ. ಮೂರನೆಯದರ ನಟ್ಟು ಸಡಿಲಿಸಿದ ಕೂಡಲೇ ಕಣ್ಣಿಗೆ ಕಾಣುವಷ್ಟು ಕಡಿಮೆಯಾಯಿತು. ಡಿಪ್‌ಸ್ಟಿಕ್‌ನಲ್ಲಿ ಎಣ್ಣೆ ಕಪ್ಪಗೆ ಶುದ್ಧವಾಗಿತ್ತು, ಮಜ್ಜಿಗೆಯ ಬಣ್ಣಕ್ಕೆ ತಿರುಗಿರಲಿಲ್ಲ. ಹಾಗಾದರೆ ಮೂರನೆಯ ಸಿಲಿಂಡರಿನ ಅನಿಲ ನೀರಿಗೆ ಸೇರುತ್ತಿದೆ, ನೀರು ಎಣ್ಣೆಗೆ ಸೇರುತ್ತಿಲ್ಲ. ಇಷ್ಟನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಮರುದಿನ ಸ್ಪ್ಯಾನರ್ ಹಿಡಿದೆ.

ಹೆಡ್ ಇಳಿಸುವಾಗ ಅವಸರ ಮಾಡಬಾರದು. ಬಿಸಿಯಿರುವಾಗ ಬೋಲ್ಟ್ ಸಡಿಲಿಸಿದರೆ ನೆಟ್ಟಗಿದ್ದ ಹೆಡ್ ಕೂಡ ಬಾಗುತ್ತದೆ. ರಾತ್ರಿಯಿಡೀ ಆರಲು ಬಿಟ್ಟು, ಬೆಳಿಗ್ಗೆ ಎರಡೂ ತುದಿಗಳಿಂದ ನಡುವಿನ ಕಡೆಗೆ, ಪ್ರತಿ ಸುತ್ತಿನಲ್ಲೂ ಕಾಲು ತಿರುವಿನಂತೆ ಬೋಲ್ಟ್‌ಗಳನ್ನು ಬಿಡಿಸಿದೆ. ಪುಷ್ ರಾಡ್‌ಗಳನ್ನು ರಟ್ಟಿನ ಪೆಟ್ಟಿಗೆಗೆ ತೂತು ಮಾಡಿ ಅದೇ ಕ್ರಮದಲ್ಲಿ ಚುಚ್ಚಿಟ್ಟೆ. ಹೆಡ್ ಎತ್ತಲು ದೊಡ್ಡಪ್ಪ, ಅವರ ಮಗ, ನಾನು ಮೂವರೂ ಬೇಕಾಯಿತು.

ಹೊರಬಂದ ಗ್ಯಾಸ್ಕೆಟ್ಟನ್ನು ಮೂಲೆಗೆ ಎಸೆಯುವವರೇ ಹೆಚ್ಚು. ಅದರಲ್ಲಿ ಅರ್ಧ ಉತ್ತರ ಇರುತ್ತದೆ. ನಾನು ಅದನ್ನು ಬಿಸಿಲಿಗೆ ಹಿಡಿದು ನಿಧಾನವಾಗಿ ನೋಡಿದೆ. ಒಂದು, ಎರಡು, ನಾಲ್ಕನೆಯ ಸಿಲಿಂಡರಿನ ಸುತ್ತಲಿನ ಲೋಹದ ಉಂಗುರ ಚಪ್ಪಟೆಯಾಗಿ ಒತ್ತಿ ಹೊಳೆಯುತ್ತಿತ್ತು. ಮೂರನೆಯದರ ಉಂಗುರ ಅಂಗಡಿಯಿಂದ ತಂದಾಗ ಇದ್ದಂತೆ ಇನ್ನೂ ಉಬ್ಬಾಗಿಯೇ ಇತ್ತು. ಅದರ ಒಂದು ಬದಿಯಿಂದ ನೀರಿನ ತೂತಿನವರೆಗೆ ಮಸಿಯ ದಾರಿ ಬಿದ್ದಿತ್ತು. ಗ್ಯಾಸ್ಕೆಟ್ ಸುಟ್ಟದ್ದು ನಿಜ. ಆದರೆ ಸುಡುವ ಮೊದಲೇ ಅದನ್ನು ಅಲ್ಲಿ ಯಾರೂ ಸರಿಯಾಗಿ ಒತ್ತಿ ಹಿಡಿದಿರಲಿಲ್ಲ. ಹಿಡಿಯದೆ ಇದ್ದದ್ದು ಮೇಲಿನ ಹೆಡ್ಡೋ, ಕೆಳಗಿನ ಬ್ಲಾಕೋ ಎಂಬುದು ಉಳಿದ ಪ್ರಶ್ನೆ.

ಎರಡು ಸಲವೂ ಹೆಡ್ಡನ್ನು ಪೇಟೆಗೆ ಒಯ್ದು ಫೇಸಿಂಗ್ ಮಾಡಿಸಿ, ಅಂದರೆ ಅದರ ಮುಖವನ್ನು ಕೆತ್ತಿಸಿ ಸಮ ಮಾಡಿಸಿ ತಂದಿದ್ದರು. ಬ್ಲಾಕನ್ನು ಎರಡು ಸಲವೂ ಯಾರೂ ಅಳೆದಿರಲಿಲ್ಲ. ಇದು ಎಷ್ಟೋ ಕಡೆ ನಡೆಯುವುದೇ ಹೀಗೆ, ಕಾರಣವೂ ಸರಳ: ಹೆಡ್ಡನ್ನು ಗಾಡಿಯಲ್ಲಿ ಹಾಕಿಕೊಂಡು ಲೇತ್ ಅಂಗಡಿಗೆ ಒಯ್ಯಬಹುದು. ಬ್ಲಾಕ್ ಮುಂದಿನ ಆಕ್ಸಲ್‌ಗೂ ಗೇರ್ ಬಾಕ್ಸ್‌ಗೂ ನಡುವೆ ಟ್ರ್ಯಾಕ್ಟರಿನ ಬೆನ್ನುಮೂಳೆಯೇ ಆಗಿ ಕೂತಿರುತ್ತದೆ. ಅದನ್ನು ಬಿಚ್ಚುವುದೆಂದರೆ ಟ್ರ್ಯಾಕ್ಟರನ್ನೇ ಎರಡು ತುಂಡು ಮಾಡಬೇಕು. ಹೊರಲು ಆಗುವುದಿಲ್ಲವೆಂದು ಅಳೆಯುವುದನ್ನೂ ಬಿಡುತ್ತಾರೆ. ಅಳೆಯಲು ಹೊರುವ ಅಗತ್ಯವೇ ಇಲ್ಲ, ಬಗ್ಗಿ ನಿಂತರೆ ಸಾಕು.

ಆದರೂ ಮೊದಲು ಹೆಡ್ಡಿನಿಂದಲೇ ಆರಂಭಿಸಿದೆ. ಅನುಮಾನ ಅದರ ಮೇಲೇ ಹೆಚ್ಚಾಗಿತ್ತು. ಅಂಟಿದ ಹಳೆಯ ಗ್ಯಾಸ್ಕೆಟ್ ಚೂರುಗಳನ್ನು ಡೀಸೆಲ್‌ನಲ್ಲಿ ನೆನೆಸಿ ಚಪ್ಪಟೆ ಸ್ಕ್ರೇಪರ್‌ನಿಂದ ಕೆರೆದೆ. ಗ್ರೈಂಡರ್‌ಗೆ ಎಮರಿ ಡಿಸ್ಕ್ ಹಾಕಿ ಉಜ್ಜಿದರೆ ಐದು ನಿಮಿಷದಲ್ಲಿ ಕನ್ನಡಿಯಂತೆ ಕಾಣುತ್ತದೆ, ಆದರೆ ಉಜ್ಜಿದ ಕಡೆಯೆಲ್ಲ ಕಣ್ಣಿಗೆ ಕಾಣದ ಗುಳಿಗಳು ಬೀಳುತ್ತವೆ. ಆ ಕೆಲಸವನ್ನು ನಾನು ಯಾವ ಎಂಜಿನ್‌ಗೂ ಮಾಡುವುದಿಲ್ಲ.

ಹೆಡ್ಡನ್ನು ಎರಡು ಮರದ ತುಂಡುಗಳ ಮೇಲೆ ಅಂಗಾತ ಮಲಗಿಸಿ ಸ್ಟ್ರೇಟ್ ಎಡ್ಜ್, ಅಂದರೆ ನೇರ ಅಂಚಿನ ಲೋಹದ ಪಟ್ಟಿ, ನಿಲ್ಲಿಸಿದೆ. ಉದ್ದದ ಎರಡು ಅಂಚು, ಅಡ್ಡದ ಎರಡು ತುದಿ, ಮೂಲೆಯಿಂದ ಮೂಲೆಗೆ ಎರಡು, ಒಟ್ಟು ಆರು ಗೆರೆಗಳಲ್ಲಿ ನೋಡಬೇಕು. ಹಿಂದಿನಿಂದ ಟಾರ್ಚ್ ಬಿಟ್ಟರೆ ಬೆಳಕು ನುಸುಳುವ ಜಾಗ ಗೊತ್ತಾಗುತ್ತದೆ. ಆದರೆ ಬೆಳಕು ಎಷ್ಟು ಕಿರಿದಾದ ಸಂದಿನಲ್ಲೂ ನುಸುಳುತ್ತದೆ, ಹಾಗಾಗಿ ತೀರ್ಪು ಹೇಳಬೇಕಾದದ್ದು ಫೀಲರ್ ಗೇಜ್, ಅಂದರೆ ಸಂದು ಅಳೆಯುವ ತೆಳ್ಳನೆಯ ಲೋಹದ ಎಲೆಗಳ ಕಟ್ಟು. ಅದರ 0.05 ಮಿ.ಮೀ. ಎಲೆ ಎಂದರೆ ಜೆರಾಕ್ಸ್ ಹಾಳೆಯ ದಪ್ಪದ ಸುಮಾರು ಅರ್ಧ. ಆರು ಗೆರೆಗಳಲ್ಲಿ ಎಲ್ಲಿಯೂ ಆ ಎಲೆ ನುಗ್ಗಲಿಲ್ಲ. ಒಂದು ಮೂಲೆಗೆರೆಯಲ್ಲಿ, ಮೂರು ಮತ್ತು ನಾಲ್ಕರ ನಡುವೆ, 0.04ರ ಎಲೆ ಬಿಗಿಯಾಗಿ ಹೋಯಿತು. ನಮ್ಮ ಕೈಪಿಡಿಯ ಮಿತಿ ಇದಕ್ಕಿಂತ ಸಾಕಷ್ಟು ಹೆಚ್ಚು. ಹೆಡ್ ನೆಟ್ಟಗಿತ್ತು.

ನೆಟ್ಟಗಿದ್ದರೂ ತೆಳ್ಳಗಾಗಿತ್ತು. ವರ್ನಿಯರ್‌ನಲ್ಲಿ ದಪ್ಪ ಅಳೆದರೆ ಹೊಸದಕ್ಕಿಂತ 0.4 ಮಿ.ಮೀ. ಕಡಿಮೆ. ಎರಡು ಫೇಸಿಂಗ್‌ಗಳಲ್ಲಿ ಹೋದ ಕಬ್ಬಿಣ ಅದು. ಹೀಗೆ ಕೆತ್ತಿದಷ್ಟೂ ವಾಲ್ವ್‌ಗಳು ಪಿಸ್ಟನ್‌ಗೆ ಹತ್ತಿರವಾಗುತ್ತವೆ, ಇಂಜೆಕ್ಟರಿನ ಮೂಗು ಇರಬೇಕಾದ್ದಕ್ಕಿಂತ ಹೆಚ್ಚು ಹೊರಗೆ ಚಾಚುತ್ತದೆ. ಎರಡನ್ನೂ ಡೆಪ್ತ್ ಗೇಜ್‌ನಿಂದ ಅಳೆದೆ, ಮಿತಿಯ ಅಂಚಿನಲ್ಲಿದ್ದವು. ಮತ್ತೊಂದು ಸಲ "ಯಾವುದಕ್ಕೂ ಇರಲಿ" ಎಂದು ಫೇಸಿಂಗ್ ಮಾಡಿಸಿದ್ದರೆ ಹೆಡ್ ಗುಜರಿಗೇ ಹೋಗುತ್ತಿತ್ತು.

ಅಷ್ಟರಲ್ಲಿ ಮೂರನೆಯ ಸಿಲಿಂಡರಿನ ಎರಡು ವಾಲ್ವ್‌ಗಳ ನಡುವೆ ಕೂದಲೆಳೆಯಂಥ ಒಂದು ಗೆರೆ ಕಂಡಿತು. ಎದೆ ಧಸಕ್ಕೆಂದಿತು. ಆ ಜಾಗದಲ್ಲಿ ಒಂದು ಕಡೆ ಒಳಬರುವ ತಣ್ಣನೆಯ ಗಾಳಿ, ಇನ್ನೊಂದು ಕಡೆ ಹೊರಹೋಗುವ ಉರಿಹೊಗೆ. ನಡುವಿನ ಕಬ್ಬಿಣ ಬೆರಳಗಲವೂ ಇಲ್ಲ. ಹೆಡ್ ಬಿರುಕು ಬಿಡುವುದಾದರೆ ಹೆಚ್ಚಾಗಿ ಮೊದಲು ಅಲ್ಲೇ. ಡೈ ಪೆನಿಟ್ರೆಂಟ್ ತರಿಸಿ ಪರೀಕ್ಷಿಸಿದೆ. ಕೆಂಪು ದ್ರವ ಹಚ್ಚಿ, ಕಾದು, ಒರೆಸಿ, ಬಿಳಿಯ ಡೆವಲಪರ್ ಸಿಂಪಡಿಸಿದಾಗ ಬಿಳಿಯ ಮೇಲೆ ತೆಳ್ಳನೆಯ ಕೆಂಪು ಗೆರೆ ಮೂಡಿತು. ಬಿರುಕು ಇರುವುದಂತೂ ಖಚಿತವಾಯಿತು. ಆದರೆ ಈ ಪರೀಕ್ಷೆ ಮೇಲ್ಮೈಯನ್ನು ಮಾತ್ರ ಹೇಳುತ್ತದೆ. ಬಿರುಕು ಒಳಗಿನ ನೀರಿನ ಜಾಕೆಟ್ಟನ್ನು (ನೀರು ಹರಿಯುವ ಪೊಳ್ಳನ್ನು) ತಲುಪಿದೆಯೇ ಎಂಬುದನ್ನು ಹೇಳುವುದಿಲ್ಲ.

ದಾವಣಗೆರೆಯ ಲೇತ್ ಅಂಗಡಿಯ ಯಜಮಾನರಿಗೆ ಫೋಟೊ ತೋರಿಸಿದೆ. "ಹಳೆಯ ಡೀಸೆಲ್ ಹೆಡ್‌ಗಳಲ್ಲಿ ಇಂಥ ಗೆರೆ ಬಹಳ ನೋಡಿದ್ದೇನೆ. ಕೆಲವು ಹತ್ತು ವರ್ಷ ಹಾಗೆಯೇ ಓಡುತ್ತವೆ. ಗಾಳಿ ಹಾಕಿ ನೋಡಿರಿ, ಹೆದರಿ ಹೆಡ್ ಬದಲಾಯಿಸಬೇಡಿರಿ" ಎಂದರು. ಹಳೆಯ ಗ್ಯಾಸ್ಕೆಟ್ಟನ್ನೇ ಮಾದರಿಯಾಗಿ ಇಟ್ಟುಕೊಂಡು, 10 ಮಿ.ಮೀ. ದಪ್ಪದ ಕಬ್ಬಿಣದ ಪ್ಲೇಟಿಗೆ ಬೋಲ್ಟ್ ತೂತುಗಳನ್ನು ಕೊರೆದುಕೊಟ್ಟರು. ವಾಲ್ವ್‌ಗಳ ನಡುವಿನ ಗೆರೆ ಕಾಣುವಂತೆ ಸಿಲಿಂಡರ್‌ಗಳ ಜಾಗವನ್ನು ಗ್ಯಾಸ್‌ನಿಂದ ಕತ್ತರಿಸಿ ತೆರೆದಿಡಬೇಕೆಂದು ನಾನು ಕೇಳಿಕೊಂಡಿದ್ದೆ. ಅದು ಮುಗಿಯುವವರೆಗೆ ಅಂಗಡಿಯ ಮುಂದೆಯೇ ಖಾರ ಮಂಡಕ್ಕಿ, ಮೆಣಸಿನಕಾಯಿ ತಿಂದು ಕಾದೆ.

ಪ್ಲೇಟಿಗೂ ಹೆಡ್ಡಿಗೂ ನಡುವೆ ಹಳೆಯ ಟ್ರ್ಯಾಕ್ಟರ್ ಟ್ಯೂಬಿನ ರಬ್ಬರನ್ನು ಕತ್ತರಿಸಿ ಹಾಕಿದೆ. ಥರ್ಮೋಸ್ಟಾಟ್ ಬಾಯಿಗೆ ಒಂದು ಚಿಕ್ಕ ಪ್ಲೇಟ್, ಅದಕ್ಕೆ ಟ್ಯೂಬ್‌ಲೆಸ್ ಟೈರಿನ ವಾಲ್ವ್. ಉದ್ದಕ್ಕೆ ಸೀಳಿದ 200 ಲೀಟರ್ ಡ್ರಮ್ ಒಂದು ದನದ ಕೊಟ್ಟಿಗೆಯಲ್ಲಿತ್ತು. ಅದನ್ನು ಕಲ್ಲುಗಳ ಮೇಲೆ ಒಲೆಯಂತೆ ಕೂರಿಸಿ, ಹೆಡ್ ಮುಳುಗುವಷ್ಟು ನೀರು ತುಂಬಿ, ಗೇಜ್ ಇರುವ ಪಂಪಿನಿಂದ 2 ಬಾರ್ ಗಾಳಿ ತುಂಬಿದೆ. ಅದಕ್ಕಿಂತ ಹೆಚ್ಚು ಬೇಡ. ರಬ್ಬರ್ ಸಿಡಿದರೆ ಪ್ಲೇಟಿನ ಎದುರಿಗೆ ನಿಂತವರಿಗೆ ಅಪಾಯ.

ತಣ್ಣೀರಿನಲ್ಲಿ ಅರ್ಧ ಗಂಟೆ ಒಂದು ಗುಳ್ಳೆಯೂ ಬರಲಿಲ್ಲ. ಇಲ್ಲಿಗೆ ನಿಲ್ಲಿಸಿದರೆ ಪರೀಕ್ಷೆ ಅರ್ಧವಾದಂತೆ. ಕಬ್ಬಿಣ ಕಾದು ಹಿಗ್ಗಿದಾಗ ಮಾತ್ರ ಬಾಯಿ ತೆರೆಯುವ ಬಿರುಕುಗಳಿವೆ. ಡ್ರಮ್ಮಿನ ಕೆಳಗೆ ಮೆಕ್ಕೆಜೋಳದ ದಿಂಡುಗಳನ್ನು ಒಟ್ಟಿ ಬೆಂಕಿ ಹಾಕಿದೆ. ದಿಂಡಿನ ಬೆಂಕಿ ಬೇಗ ಏರುತ್ತದೆ, ಬೇಗ ಇಳಿಯುತ್ತದೆ. ದೊಡ್ಡಮ್ಮ ಪಕ್ಕದಲ್ಲೇ ಕುಳಿತು ಹದವಾಗಿ ತಳ್ಳುತ್ತಾ ಇದ್ದರು. ನೀರು 50 ಡಿಗ್ರಿ ದಾಟುತ್ತಿದ್ದಂತೆ ಹೆಡ್ಡಿನ ಮೈತುಂಬ ಸಣ್ಣ ಗುಳ್ಳೆಗಳು ಕಾಣಿಸಿಕೊಂಡವು. "ಹೋಯಿತಲ್ಲೋ ಹೆಡ್ಡು" ಎಂದು ದೊಡ್ಡಪ್ಪ ತಲೆಯ ಮೇಲೆ ಕೈಯಿಟ್ಟುಕೊಂಡರು. ಅದು ಸೋರಿಕೆಯಲ್ಲ. ನೀರಿನಲ್ಲಿ ಕರಗಿದ ಗಾಳಿ ಕಾದಾಗ ಬಿಡುಗಡೆಯಾಗಿ ಎಲ್ಲ ಕಡೆಯೂ ಅಂಟಿಕೊಳ್ಳುತ್ತದೆ. ಬ್ರಶ್‌ನಿಂದ ಸವರಿದರೆ ಹೋಗುತ್ತದೆ, ಮತ್ತೆ ಅದೇ ಜಾಗದಿಂದ ಬರುವುದಿಲ್ಲ. ನಿಜವಾದ ಸೋರಿಕೆ ಒಂದೇ ಬಿಂದುವಿನಿಂದ, ಒಂದೇ ಗಾತ್ರದ ಗುಳ್ಳೆಗಳನ್ನು, ದಾರಕ್ಕೆ ಪೋಣಿಸಿದಂತೆ ಬಿಡುತ್ತಲೇ ಇರುತ್ತದೆ.

ಅಂಥದ್ದು ಒಂದು ಸಿಕ್ಕಿತು. 80 ಡಿಗ್ರಿಯ ಹತ್ತಿರ, ಹೆಡ್ಡಿನ ಹಿಂಬದಿಯ ಕೋರ್ ಪ್ಲಗ್ (ಜಾಕೆಟ್ಟಿನ ತೂತು ಮುಚ್ಚುವ ಲೋಹದ ಬಿರಡೆ) ಅಂಚಿನಿಂದ ಸಾಸಿವೆಯಷ್ಟು ಗುಳ್ಳೆಗಳ ಸಾಲು. ತುಕ್ಕು ಹಿಡಿದ ಆ ಪ್ಲಗ್ ಬದಲಾಯಿಸುವುದು ಹತ್ತು ನಿಮಿಷದ ಕೆಲಸ. ಎಲ್ಲರೂ ಕಣ್ಣಿಟ್ಟಿದ್ದ ವಾಲ್ವ್ ನಡುವಿನ ಗೆರೆ ಮಾತ್ರ ಒಂದು ಗಂಟೆ ಬಿಸಿನೀರಿನಲ್ಲಿದ್ದರೂ ಮೌನವಾಗಿತ್ತು. ಗೆರೆ ನೀರನ್ನು ಮುಟ್ಟಿಲ್ಲ. ಅದರ ಎರಡು ತುದಿಗೂ ಗುರುತು ಮಾಡಿ, ಉದ್ದ 6 ಮಿ.ಮೀ. ಎಂದು ಬರೆದಿಟ್ಟುಕೊಂಡೆ, ಮುಂದೊಮ್ಮೆ ಹೆಡ್ ಇಳಿಸಿದಾಗ ಬೆಳೆದಿದೆಯೇ ಎಂದು ನೋಡಬಹುದು. ಪ್ಲಗ್ಗಿನ ಸೋರಿಕೆ ಹೊರಬದಿಯದು, ಅದರಿಂದ ರೇಡಿಯೇಟರಿನಲ್ಲಿ ಗುಳ್ಳೆ ಏಳುವುದು ಸಾಧ್ಯವಿಲ್ಲ. ಅಲ್ಲಿಗೆ ಹೆಡ್ ನಿರಪರಾಧಿ.

ಈಗ ಬ್ಲಾಕ್. ಸಿಲಿಂಡರ್‌ಗಳಿಗೆ ಬಟ್ಟೆ ತುರುಕಿ, ಮೇಲ್ಮೈ ಶುಚಿ ಮಾಡಿದೆ. ಲೈನರ್‌ಗಳು ಮೇಲೆದ್ದು ಬಾರದಂತೆ ಬೋಲ್ಟ್, ದಪ್ಪ ವಾಷರ್ ಹಾಕಿ ಪ್ರತಿಯೊಂದನ್ನೂ ಒತ್ತಿ ಹಿಡಿಸಿದೆ. ಹೆಡ್ ಇಲ್ಲದಾಗ ಕ್ರ್ಯಾಂಕ್ ತಿರುಗಿಸಿದರೆ ಪಿಸ್ಟನ್ ಜೊತೆ ಲೈನರ್ ಎದ್ದು ಬರುವುದುಂಟು; ಆಗ ಲೈನರಿನ ಕೆಳಭಾಗದಲ್ಲಿ ನೀರು ಎಣ್ಣೆಗೆ ಇಳಿಯದಂತೆ ತಡೆಯುವ ರಬ್ಬರ್ ರಿಂಗ್‌ಗಳು ಹಾಳಾಗುತ್ತವೆ. ಲೈನರ್‌ಗಳ ನಡುವೆ, ಅಂಚುಗಳಲ್ಲಿ ಸಿಗುವಷ್ಟು ಕಡೆ ಸ್ಟ್ರೇಟ್ ಎಡ್ಜ್ ಇಟ್ಟೆ. ಬ್ಲಾಕಿನ ಮುಖ 0.05ರೊಳಗೆ ಸಮವಾಗಿತ್ತು. ಬೋಲ್ಟ್ ತೂತುಗಳ ಬಾಯಲ್ಲಿ ಎರಡು ಕಡೆ ಎಳೆಗಳು ಉಬ್ಬಿ ನಿಂತಿದ್ದವು. ಅವನ್ನು ಸಣ್ಣಗೆ ಕೌಂಟರ್‌ಸಿಂಕ್ ಮಾಡಿ ಇಳಿಸಿದೆ.

ಉತ್ತರ ಇದ್ದದ್ದು ಲೈನರ್ ಎತ್ತರದಲ್ಲಿ. ವೆಟ್ ಲೈನರಿನ ಮೇಲಂಚು ಬ್ಲಾಕಿನ ಮುಖಕ್ಕಿಂತ ಕೂದಲೆಳೆಯಷ್ಟು ಮೇಲೆ ಇರಬೇಕು. ಹೆಡ್ ಬಿಗಿದಾಗ ಭಾರವೆಲ್ಲ ಮೊದಲು ಆ ಅಂಚಿನ ಮೇಲೆ ಬಿದ್ದು, ಗ್ಯಾಸ್ಕೆಟ್ಟಿನ ಉಂಗುರ ಅಲ್ಲಿ ಹೆಚ್ಚು ಒತ್ತಿಕೊಳ್ಳಲಿ ಎಂಬುದು ಲೆಕ್ಕ. ಡಯಲ್ ಗೇಜನ್ನು ಬ್ಲಾಕಿನ ಮೇಲೆ ಸೊನ್ನೆಗೆ ತಂದು ಲೈನರಿನ ಮೇಲೆ ಜಾರಿಸಿದೆ. ಪ್ರತಿ ಲೈನರ್‌ಗೆ ನಾಲ್ಕು ದಿಕ್ಕಿನಲ್ಲಿ ಅಳತೆ. ಒಂದನೆಯದು 0.08, ಎರಡನೆಯದು 0.07, ನಾಲ್ಕನೆಯದು 0.08. ಮೂರನೆಯದರಲ್ಲಿ ಮುಳ್ಳು ಅಲುಗಾಡಿದ್ದೇ ಕಷ್ಟ: ಒಂದು ಬದಿ 0.02, ನೀರಿನ ತೂತಿನ ಬದಿ 0.01. ಗೇಜ್ ಎತ್ತಿಟ್ಟು, ಕೈ ಒರೆಸಿಕೊಂಡು ಇನ್ನೆರಡು ಸಲ ಅಳೆದೆ. ಅದೇ ಬಂತು. ಗ್ಯಾಸ್ಕೆಟ್ಟಿನ ಮೇಲೆ ಮಸಿಯ ದಾರಿ ಇದ್ದದ್ದೂ ಸರಿಯಾಗಿ ಆ ಬದಿಗೇ.

ದೊಡ್ಡಪ್ಪನನ್ನು ಕರೆದು ಗೇಜಿನ ಮುಳ್ಳನ್ನು ಎರಡನೆಯ ಲೈನರ್ ಮೇಲೂ ಮೂರನೆಯದರ ಮೇಲೂ ಓಡಿಸಿ ತೋರಿಸಿದೆ. ಅವರು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, "ಇಷ್ಟಕ್ಕೇ ಎರಡು ಸಲ ಹೆಡ್ ಹೊತ್ತೆವೇ?" ಎಂದರು.

ಲೈನರ್ ಎಳೆಯುವ ಮೊದಲು ಇನ್ನೊಂದು ಪರೀಕ್ಷೆ ಬಾಕಿಯಿತ್ತು. ಆಯಿಲ್ ಚೇಂಬರ್ ಬಿಚ್ಚಿ, ಕೆಳಗಿನ ಹೋಸ್ ಬಾಯಿಗೆ ಮರದ ಬೆಣೆ ಹೊಡೆದು, ಜಾಕೆಟ್ಟಿಗೆ ಮೇಲಿನವರೆಗೆ ನೀರು ತುಂಬಿದೆ. ಕ್ರ್ಯಾಂಕಿನ ಕೆಳಗೆ ಹಳೆಯ ದಿನಪತ್ರಿಕೆ ಹಾಸಿ ಮಲಗಲು ಹೋದೆ. ಬೆಳಿಗ್ಗೆ ಕಾಗದ ಒಣಗಿಯೇ ಇತ್ತು. ಎಣ್ಣೆಯ ಕಲೆ ಬಿಟ್ಟರೆ ನೀರಿನ ಗುರುತಿಲ್ಲ. ಕೆಳಗಿನ ರಿಂಗ್‌ಗಳು ಇನ್ನೂ ಹಿಡಿದಿದ್ದವು, ಬ್ಲಾಕಿನ ಗೋಡೆಯಲ್ಲಿ ಬಿರುಕಿರಲಿಲ್ಲ. ಎಣ್ಣೆ ಶುದ್ಧವಾಗಿದ್ದದ್ದಕ್ಕೂ ಇದಕ್ಕೂ ತಾಳೆಯಾಯಿತು.

ಮೂರನೆಯ ಪಿಸ್ಟನ್ ತೆಗೆದು ಲೈನರ್ ಎಳೆದಾಗ ಎರಡು ಸಂಗತಿ ಕಂಡವು. ಮೊದಲನೆಯದು, ಲೈನರಿನ ಕುತ್ತಿಗೆ ಕೂರುವ ಮೆಟ್ಟಿಲಿನ ಮೇಲೆ ತುಕ್ಕಿನ ಪುಡಿ, ಸುಣ್ಣ, ಹಳೆಯ ಸೀಲಂಟ್ ಸೇರಿ ಹೆಪ್ಪುಗಟ್ಟಿದ ಪದರ. ಅದೂ ಒಂದೇ ಬದಿಗೆ. ನಾಲ್ಕು ವರ್ಷದ ಹಿಂದೆ ಎಂಜಿನ್ನಿನ ಬೋರ್ ಕೆಲಸ (ಲೈನರ್ ಬದಲಾವಣೆ) ಮಾಡಿಸಿದಾಗ ಮೆಟ್ಟಿಲನ್ನು ಶುಚಿ ಮಾಡದೆ ಲೈನರ್ ಇಳಿಸಿದ್ದಾರೆಂದೇ ನನ್ನ ತೀರ್ಮಾನ. ಕೊಳೆಯ ಮೇಲೆ ಕೂತ ಲೈನರ್ ಮೊದಲ ದಿನ ಸರಿಯಾದ ಎತ್ತರದಲ್ಲೇ ಇರುತ್ತದೆ. ಎಂಜಿನ್ ಓಡಿದಂತೆ ಕೊಳೆ ಪುಡಿಯಾಗಿ ಲೈನರ್ ಕೆಳಗಿಳಿಯುತ್ತದೆ, ಅಲುಗಾಡುತ್ತಾ ಮೆಟ್ಟಿಲನ್ನೂ ಸವೆಸುತ್ತದೆ. ಎರಡನೆಯದು, ಲೈನರಿನ ಹೊರಮೈಯಲ್ಲಿ, ಪಿಸ್ಟನ್ ಒತ್ತುವ ಬದಿಗೆ ನೇರಗೆರೆಯಲ್ಲಿ ಗೆದ್ದಲು ತಿಂದಂಥ ಗುಳಿಗಳು. ಲೈನರ್ ನಡುಗಿದಾಗ ನೀರಿನಲ್ಲಿ ಹುಟ್ಟಿ ಸಿಡಿಯುವ ಸೂಕ್ಷ್ಮ ಗುಳ್ಳೆಗಳು ಮಾಡುವ ಹಾನಿ ಅದು. ಬರಿಯ ಬೋರ್‌ವೆಲ್ ನೀರು ಹಾಕುವ ಎಂಜಿನ್‌ಗಳಲ್ಲಿ ಇದು ಬೇಗ ಬರುತ್ತದೆ. ಕೂಲಂಟ್‌ನಲ್ಲಿರುವ ರಾಸಾಯನಿಕ ಲೈನರಿನ ಮೇಲೆ ತೆಳುವಾದ ರಕ್ಷೆ ಕಟ್ಟಿ ತಡೆಯುತ್ತದೆ. ಕೆಲವು ಗುಳಿಗಳಲ್ಲಿ ಉಗುರು ಸಿಕ್ಕಿಕೊಳ್ಳುತ್ತಿತ್ತು. ಉಳಿದ ಮೂರನ್ನೂ ಎಳೆದು ನೋಡಿದೆ. ಅವೂ ಹಾಗೆಯೇ, ಸ್ವಲ್ಪ ಕಡಿಮೆ. ನಾಲ್ಕೂ ಲೈನರ್-ಪಿಸ್ಟನ್ ಹೊಸದಾಗಿ ತರುವುದೆಂದು ತೀರ್ಮಾನವಾಯಿತು. ದೊಡ್ಡಪ್ಪನಿಗೆ ಆ ಖರ್ಚು ಹಗುರವಾಗಿರಲಿಲ್ಲ, ಆದರೆ ಗುಳಿಗಳ ಮೇಲೆ ಬೆರಳಾಡಿಸಿದ ಮೇಲೆ ಅವರು ಚೌಕಾಸಿ ಮಾಡಲಿಲ್ಲ.

ಜಾಕೆಟ್ಟಿನ ಹಿಂಭಾಗದಲ್ಲಿ ಸುಣ್ಣ ಬೆರಳುಗುರಿನಷ್ಟು ದಪ್ಪ ಕಟ್ಟಿತ್ತು. ಅದು ಕಬ್ಬಿಣದಂತೆ ಶಾಖವನ್ನು ದಾಟಿಸುವುದಿಲ್ಲ. ನೀರು ಪಕ್ಕದಲ್ಲೇ ಹರಿದರೂ ಲೈನರ್ ಕಾಯುತ್ತಲೇ ಇರುತ್ತದೆ. ಸಾಧ್ಯವಾದಷ್ಟನ್ನು ಕೆರೆದು, ಉಳಿದದ್ದನ್ನು ಬಿಸಿನೀರಿನಲ್ಲಿ ಕರಗಿಸಿದ ಸಿಟ್ರಿಕ್ ಆಮ್ಲದಿಂದ ಎರಡು ಸಲ ನೆನೆಸಿ ತೊಳೆದೆ.

ಶುಚಿಯಾದ ಮೆಟ್ಟಿಲಿನ ಮೇಲೆ ಹೊಸ ಲೈನರ್‌ಗಳನ್ನು ರಬ್ಬರ್ ರಿಂಗ್ ಇಲ್ಲದೆ ಇಳಿಸಿ ಅಳೆದಾಗ ಮೂರು ಕಡೆ 0.07ರಿಂದ 0.09. ಮೂರನೆಯದು ಬ್ಲಾಕಿಗೆ ಸಮ, ಸೊನ್ನೆ. ಸವೆದ ಮೆಟ್ಟಿಲಿನ ಮೇಲೆ ನೇರವಾಗಿ ಶಿಮ್ (ಎತ್ತರ ಸರಿದೂಗಿಸುವ ತೆಳು ಲೋಹದ ಬಳೆ) ಹಾಕಿದರೆ ಅದು ಓರೆಯಾಗಿಯೇ ಕೂರುತ್ತದೆ. ಮೊದಲು ಮೆಟ್ಟಿಲು ಸಮವಾಗಬೇಕು. ಲೇತ್ ಅಂಗಡಿಯ ಯಜಮಾನರು ಕೈಯಿಂದ ತಿರುಗಿಸುವ ಕಟರ್ ಹಿಡಿದು ಹಳ್ಳಿಗೇ ಬಂದರು. ಸಿಲಿಂಡರಿನ ಬಾಯಿಗೆ ಅದನ್ನು ಕೂರಿಸಿ, ಒಂದೊಂದು ಸುತ್ತಿಗೂ ನಿಲ್ಲಿಸಿ ಅಳೆಯುತ್ತಾ, ಮೆಟ್ಟಿಲು ಪೂರ್ತಿ ಹೊಳಪಾಗುವವರೆಗೆ 0.22 ಮಿ.ಮೀ. ತೆಗೆದರು. ಮಧ್ಯಾಹ್ನದಿಂದ ಸಂಜೆಯಾಯಿತು. ಅವರ ತಾಳ್ಮೆಗೆ ನಾನು ಋಣಿ. 0.30ರ ಸ್ಟೀಲ್ ಶಿಮ್ ಹಾಕಿ ಲೈನರ್ ಇಳಿಸಿದಾಗ ನಾಲ್ಕೂ ದಿಕ್ಕಿನಲ್ಲಿ ಮುಳ್ಳು 0.08ಕ್ಕೆ ಬಂದು ನಿಂತಿತು.

ಜೋಡಣೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ಎರಡು ಮಾತು ಬಿಟ್ಟು. ಬೋಲ್ಟ್ ತೂತುಗಳ ತಳದಲ್ಲಿ ನೀರೋ ಎಣ್ಣೆಯೋ ನಿಂತಿದ್ದರೆ ಬಿಗಿಯುವಾಗ ಅದಕ್ಕೆ ಹೋಗಲು ದಾರಿಯಿರುವುದಿಲ್ಲ. ಬಿಗಿತ ಸುಳ್ಳಾಗುತ್ತದೆ, ಬ್ಲಾಕ್ ಸೀಳುವುದೂ ಉಂಟು. ತೂತಿನ ಎಳೆ ಶುಚಿ ಮಾಡುವ ಟ್ಯಾಪ್ ಓಡಿಸಿ, ಗಾಳಿ ಹೊಡೆದು ಎಲ್ಲವನ್ನೂ ಒಣಗಿಸಿದೆ. ಬಿಗಿಯುವುದು ಬಿಡಿಸಿದ್ದಕ್ಕೆ ತಿರುಗುಮುರುಗು: ನಡುವಿನಿಂದ ತುದಿಗಳಿಗೆ, ಮೂರು ಹಂತದಲ್ಲಿ, ಟಾರ್ಕ್ ರೆಂಚಿನಿಂದಲೇ. ಅಟ್ಟದ ಮೇಲಿದ್ದ ಗ್ಯಾಸ್ಕೆಟ್ ಅಂತೂ ಹೊದಿಕೆಯಿಂದ ಹೊರಬಂದಿತು. ರೇಡಿಯೇಟರಿಗೆ ಡಿಸ್ಟಿಲ್ಡ್ ವಾಟರ್ ಮತ್ತು ಕೂಲಂಟ್ ಬೆರೆಸಿ ಹಾಕಿ, ಶೆಡ್ಡಿನ ಬೋರ್‌ವೆಲ್ ನಲ್ಲಿಯ ಪಕ್ಕದಲ್ಲಿದ್ದ ನೀರಿನ ಕ್ಯಾನನ್ನು ಅಲ್ಲಿಂದ ಎತ್ತಿಸಿದೆ.

ಚಾಲೂ ಮಾಡಿ ಎರಡು ನಿಮಿಷಕ್ಕೆ ಮೇಲಿನ ಹೋಸ್ ಹಿಸುಕಿದೆ. ಮೆತ್ತಗಿತ್ತು. ಹತ್ತು ನಿಮಿಷಕ್ಕೂ ಮೆತ್ತಗೇ. ಒಳಗಿನ ಗಾಳಿಯೆಲ್ಲ ಹೊರಬಂದ ಮೇಲೆ ರೇಡಿಯೇಟರಿನ ನೀರು ಕೊಳದಂತೆ ನಿಂತಿತ್ತು. ಹತ್ತು ಗಂಟೆ ಹಗುರವಾಗಿ ಓಡಿಸಿ, ಆರಲು ಬಿಟ್ಟು, ಕೈಪಿಡಿಯಂತೆ ಮತ್ತೊಮ್ಮೆ ಬೋಲ್ಟ್ ಬಿಗಿದು, ವಾಲ್ವ್ ಸಂದು ಸರಿಪಡಿಸಿದೆ.

ನಾಲೆಗೆ ನೀರು ಬಂದ ನಾಲ್ಕನೆಯ ದಿನ ಕೇಜ್ ವ್ಹೀಲ್ ಏರಿತು. ಹದಿನೈದು ದಿನದ ಕೆಸರು ಕೆಲಸದ ನಂತರ ಒಂದು ಬೆಳಿಗ್ಗೆ ಹೋಗಿ ಮುಚ್ಚಳ ತೆಗೆದೆ. ಕೂಲಂಟ್ ನಾನು ಸೀಮೆಸುಣ್ಣದಲ್ಲಿ ಹಾಕಿದ್ದ ಗುರುತಿಗಿಂತ ಅರ್ಧ ಬೆರಳು ಕೆಳಗಿತ್ತು. ದೊಡ್ಡಪ್ಪ ಒಂದು ಹನಿಯನ್ನೂ ಸೇರಿಸಿರಲಿಲ್ಲ.